ಒಂದೇ ಮೊಳೆಗೆ ಆರು ವರ್ಷ

ನಮ್ಮ ಪಡಸಾಲೆಯ ಗೋಡೆಗೆ ಒಂದು ಮೊಳೆ ಇತ್ತು. ವರ್ಷ ಮುಗಿದರೂ ಹಳೆಯ ಕ್ಯಾಲೆಂಡರ್ ತೆಗೆಯುವ ರೂಢಿ ನಮ್ಮ ಮನೆಯಲ್ಲಿ ಇಲ್ಲ. ಕಿರಾಣಿ ಅಂಗಡಿಯವರು ಕೊಟ್ಟ ಹೊಸದನ್ನು ಅದರ ಮೇಲೆಯೇ ತೂಗುಹಾಕುತ್ತೇವೆ. ಹಳೆಯದರಲ್ಲಿ ಎಮ್ಮೆ ಈದ ತಾರೀಖು ಇರುತ್ತದೆ, ಹೊಸ ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ ಇರುತ್ತದೆ, ಮೇಲೆ ದೇವರ ಚಿತ್ರ ಬೇರೆ. ದೇವರನ್ನು ಒಲೆಗೆ ಹಾಕುವುದು ಹೇಗೆ? ಕೈಗೆ ಬಂದ ಕಾಗದಗಳೂ ಆ ಹಾಳೆಗಳ ನಡುವೆಯೇ ಸೇರುತ್ತಿದ್ದವು. ಲೈಟ್ ಬಿಲ್, ಲಗ್ನಪತ್ರಿಕೆ, ದವಾಖಾನೆ ಚೀಟಿ, ಎಲ್ಲವೂ.

ನಾನು ಹುಮನಾಬಾದಿನಲ್ಲಿ ಮನೆಯ ಪಕ್ಕದಲ್ಲೇ ಹಿಟ್ಟಿನ ಗಿರಣಿ ನಡೆಸುತ್ತೇನೆ. ಕಲಿತದ್ದು ಆರನೇ ಇಯತ್ತೆ. ಗಿರಣಿಯ ಮುಂದೆ ಐವತ್ತು ಡಬ್ಬಿ ಸಾಲಾಗಿ ನಿಂತರೂ ಯಾರ ಜೋಳ ಯಾವುದರಲ್ಲಿದೆ ಎಂದು ಚೀಟಿ ಅಂಟಿಸದೆ ಹೇಳಬಲ್ಲೆ. ಇಷ್ಟು ವರ್ಷಗಳಲ್ಲಿ ಒಬ್ಬರ ಹಿಟ್ಟು ಇನ್ನೊಬ್ಬರ ಮನೆಗೆ ಹೋಗಿಲ್ಲ. ಅದೇ ಸೊಕ್ಕಿನಲ್ಲಿ ಮನೆಯ ಕಾಗದಗಳನ್ನೂ ತಲೆಯಲ್ಲೇ ಇಟ್ಟುಕೊಂಡೆ. ತಲೆ ಡಬ್ಬಿಗಳಿಗೆ ಸಾಲುತ್ತಿತ್ತು, ಕಾಗದಗಳಿಗೆ ಸಾಲಲಿಲ್ಲ.

ನನಗೊಬ್ಬಳು ತಂಗಿ. ಬಸವಕಲ್ಯಾಣದ ಆಚೆ ಮಂಠಾಳಕ್ಕೆ ಕೊಟ್ಟಿದ್ದೇವೆ. ಹತ್ತನೇ ಪಾಸಾದವಳು ನಮ್ಮ ಮನೆಯಲ್ಲಿ ಅವಳೊಬ್ಬಳೇ. ಮಗಳ ಲಗ್ನವಾದಾಗ ಹಾಸಿಗೆ, ಪಾತ್ರೆ, ಸೀರೆ ಎಲ್ಲ ಕಟ್ಟಿ ಕಳಿಸುತ್ತಾರೆ. ಸಾಲಿ ಕಾಗದ ಕಟ್ಟಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಅವಳವು ನಮ್ಮ ಅವ್ವನ ಟ್ರಂಕಿನಲ್ಲೇ ಉಳಿದಿದ್ದವು.

ಅವ್ವ ತೀರಿಕೊಂಡ ಮೇಲಿನ ಮೊದಲ ನಾಗರಪಂಚಮಿಗೆ ತವರಿಗೆ ಬಂದಾಗ ತಂಗಿ ತನ್ನ ಹತ್ತನೇ ಇಯತ್ತೆಯ ಮಾರ್ಕ್ಸ್ ಕಾರ್ಡ್ ಹುಡುಕಿ ತೆಗೆದು ನನ್ನ ಕೈಗೆ ಕೊಟ್ಟಳು.

"ಅಣ್ಣಾ, ಇದಕ್ಕ ಲ್ಯಾಮಿನೇಶನ್ ಮಾಡ್ಸು. ಮಡಚಿದಲ್ಲಿ ಹರಿಯಾಕತ್ತದ. ಮುಂದ ಯಾತಕ್ಕರ ಬರ್ತದ."

ನನ್ನ ಕೈಯೆಲ್ಲ ಹಿಟ್ಟಾಗಿತ್ತು. ಎರಡು ಬೆರಳಲ್ಲಿ ಹಿಡಿದು, ನಾಳೆ ಒಯ್ದರಾಯಿತು ಎಂದು ಕ್ಯಾಲೆಂಡರಿನ ಹಾಳೆಯೊಳಗೆ ಸಿಕ್ಕಿಸಿದೆ. ಆ ನಾಳೆ ಬರಲಿಲ್ಲ. ಜನವರಿಯಲ್ಲಿ ಅದರ ಮೇಲೆ ಹೊಸ ಕ್ಯಾಲೆಂಡರ್ ಬಂತು. ನಾನು ಮರೆತೆ.

ಅದಾಗಿ ಮತ್ತೊಂದು ವರ್ಷ ಕಳೆದು ಎಳ್ಳಮಾವಾಸ್ಯೆ ಹತ್ತಿರ ಬಂದಾಗ ತಂಗಿಯ ಫೋನ್ ಬಂತು.

"ಅಣ್ಣಾ, ನಮ್ಮೂರ ಅಂಗನವಾಡಿಗಿ ಸಹಾಯಕಿ ತಗೋಳಾಕತ್ತಾರ. ನಮ್ಮ ಓಣ್ಯಾಗ ಹತ್ತನೇ ಪಾಸಾದ ಸೊಸಿ ನಾ ಒಬ್ಬಾಕೇ. ಮಾರ್ಕ್ಸ್ ಕಾರ್ಡ್ ಕಳಿಸು."

"ಅಮಾಸಿ ಆಗ್ಲಿ ತಂಗಿ. ಗಿರಣಿ ಮುಂದ ಕಾಲಿಡಾಕ ಜಾಗಿಲ್ಲ."

ಅದು ಸುಳ್ಳಲ್ಲ. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗಿ ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುತ್ತಾರೆ. ಅದರ ಮುಂಚಿನ ವಾರ ಗಿರಣಿ ತಿರುಗಿಸುವ ಪಟ್ಟಾ ನಿಲ್ಲುವುದೇ ಇಲ್ಲ. ಆದರೆ ಅವಳು ಮತ್ತೆ ಎರಡು ಸಲ ಫೋನ್ ಮಾಡಿದಳು. ಕೊನೆಯ ಸಲ, "ನಾಳಿಗಿ ಕಡೀ ದಿನ ಅಣ್ಣಾ," ಎಂದಳು. ಆಗ ಓಡಿ ಹೋಗಿ ಟ್ರಂಕು ಕೆದಕಿದೆ, ಕಪಾಟಿನ ಮೇಲೆ ನೋಡಿದೆ. ಸಿಗಲಿಲ್ಲ. ಕ್ಯಾಲೆಂಡರಿನ ನೆನಪೇ ಆಗಲಿಲ್ಲ. ಅವಳು ಅದನ್ನು ನನ್ನ ಕೈಗೆ ಕೊಟ್ಟದ್ದು ಮಾತ್ರ ಚೆನ್ನಾಗಿ ನೆನಪಿತ್ತು.

ಗಿರಣಿಗೆ ಮರಳಿ ಫೋನ್ ಹಚ್ಚಿದೆ. ಸುತ್ತ ಮಂದಿ ಡಬ್ಬಿ ಹಿಡಿದು ನಿಂತಿದ್ದರು.

"ಅದು ನೀನೇ ಒಯ್ದಿ ಅಲ್ಲ? ಪಂಚಮಿಗಿ ಬಂದಾಗ ಚೀಲದಾಗ ಇಟ್ಕೊಂಡಿದ್ದಿ. ನಾ ಕಣ್ಣಾರೆ ನೋಡೀನಿ."

"ಹೌದೇನು?"

"ಹೌದು."

"ಹಂಗಾರ ನಾನೇ ಎಲ್ಲೋ ಇಟ್ಟು ಮರತಿರಬೇಕು. ಸುಮ್ನ ನಿನ್ನ ಕೆಲಸ ಕೆಡಿಸಿದೆ, ಅಣ್ಣಾ."

ಅವಳು ನನ್ನನ್ನು ನಂಬಿದಳು. ತನ್ನನ್ನು ನಂಬಲಿಲ್ಲ.

ನಕಲು ತರಿಸಬಹುದಿತ್ತು, ಆದರೆ ಒಂದೇ ದಿನದಲ್ಲಿ ಆಗುವ ಕೆಲಸವಲ್ಲ ಅದು. ಆ ಜಾಗ ಬೇರೆ ಓಣಿಯ ಸೊಸೆಗೆ ಹೋಯಿತು. ಇನ್ನೊಂದು ಸಲ ಅರ್ಜಿ ಕರೆಯುವಷ್ಟರಲ್ಲಿ ತಂಗಿಯ ವಯಸ್ಸು ಮೀರಿತ್ತು. ಅವಳ ಅತ್ತೆಗೆ ಒಂದು ಮಾತು ಸಿಕ್ಕಿತು: "ಹತ್ತನೇ ಕಲ್ತಾಳಂತ, ಒಂದು ಹಾಳಿ ಜ್ವಾಪಾನ ಮಾಡಾಕ ಬರಂಗಿಲ್ಲ." ಆ ಮನೆಯಲ್ಲಿ ಚಮಚ ಕಳೆದರೂ ಆ ಮಾತು ಬರುತ್ತಿತ್ತು. ಒಮ್ಮೆ ನಾನು ಹೋಗಿದ್ದಾಗ ತಂಗಿಯ ಗಂಡ ಕಪಾಟಿನ ಕೀಲಿ ಕೊಡಲು ಬಂದರೆ ಅವಳು ಕೈ ಹಿಂದೆ ಎಳೆದುಕೊಂಡಳು. "ನನ್ನ ಕಡಿ ಬ್ಯಾಡ್ರಿ, ನಾ ಕಳೀತೀನಿ," ಎಂದು ನಕ್ಕಳು. ನಾನು ಎದುರಿಗೇ ಕುಳಿತು ಚಹಾ ಕುಡಿದೆ. ನಾಲ್ಕು ವರ್ಷ ಹೀಗೆ ಕಳೆಯಿತು.

ಈ ಜನವರಿಯಲ್ಲಿ ನನ್ನ ಹೆಂಡತಿ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಜಿಪ್ ಇರುವ ಒಂದು ಪ್ಲಾಸ್ಟಿಕ್ ಫೈಲ್ ತಂದಳು.

"ಈ ವರ್ಷರೆ ಮನಿ ಕಾಗದಾ ಎಲ್ಲ ಒಂದು ಕಡಿ ಇಡ್ರಿ. ಆಧಾರ್ ಬೇಕಂದ್ರ ಅರ್ಧ ದಿನ, ಪಾಸ್‌ಬುಕ್ ಬೇಕಂದ್ರ ಇಡೀ ದಿನ. ಸಾಕಾಗ್ಯಾದ ನನಗ."

ನನಗೂ ಸಾಕಾಗಿತ್ತು. ಪ್ರತಿ ಜನವರಿಯಲ್ಲೂ ಇದೇ ಮಾತು ಆಡಿ, ಸಂಕ್ರಾಂತಿ ಹೊತ್ತಿಗೆ ಮರೆತು ಸುಸ್ತಾಗಿದ್ದೆ. ಮೊದಲು ಹೊಸ ಕ್ಯಾಲೆಂಡರ್ ತೂಗುಹಾಕಿ ಆಮೇಲೆ ಶುರು ಮಾಡೋಣ ಎಂದು ಎದ್ದೆ. ಏಳನೆಯದನ್ನು ಸಿಕ್ಕಿಸುತ್ತಿದ್ದಂತೆ ಮೊಳೆ ಗೋಡೆಯ ಮಣ್ಣಿನೊಂದಿಗೆ ಕಿತ್ತು ಬಂತು. ಎಲ್ಲವೂ ನೆಲಕ್ಕೆ ಬಿದ್ದವು. ಬಿಲ್ಲು, ಚೀಟಿ, ಪತ್ರಿಕೆಗಳು ಚೆಲ್ಲಿದವು. ಹೆಂಡತಿ ಒಂದೊಂದೇ ಆರಿಸತೊಡಗಿದಳು.

"ಇದು ಯಾರದ್ರಿ? ಸಾಲೀದು ಕಂಡಂಗ ಅದ."

ಎಲ್ಲಕ್ಕಿಂತ ಹಳೆಯ ಕ್ಯಾಲೆಂಡರಿನಿಂದ ಬಿದ್ದಿತ್ತು. ಮಡಿಕೆಯಲ್ಲಿ ಹರಿದಿತ್ತು. ಮೂಲೆಯಲ್ಲಿ ನನ್ನ ಎರಡು ಬೆರಳಿನ ಹಿಟ್ಟಿನ ಕಲೆ ಹಳದಿಯಾಗಿತ್ತು.

ಅದನ್ನು ಫೈಲಿನಲ್ಲಿ ಎಲ್ಲಕ್ಕಿಂತ ಕೆಳಗೆ ಇಟ್ಟು ಜಿಪ್ ಎಳೆದೆ. ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ದಿನ ಹಾಗೆಯೇ ಇತ್ತು. ಮನೆ ಒಪ್ಪವಾಗಿದೆ ಎಂದು ಹೆಂಡತಿ ಖುಷಿಯಲ್ಲಿದ್ದಳು. ಮೂರನೇ ದಿನ ಅವಳಿಗೆ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. ಫೈಲಿನೊಳಗಿನ ಬೇರೆ ಕಾಗದ ತೆಗೆದು, ಅದೊಂದನ್ನೇ ಬಿಟ್ಟು, ನನ್ನ ಕೈಗೆ ಕೊಟ್ಟಳು. "ಹೋಗಿ ಬರ್ರಿ," ಎಂದಳು.

ಬಸವಕಲ್ಯಾಣದಲ್ಲಿ ಇಳಿದು ಮಂಠಾಳದ ಬಸ್ ಹಿಡಿದೆ. ತಂಗಿ ಅಂಗಳದಲ್ಲಿ ತೊಗರಿ ಬಡಿಯುತ್ತಿದ್ದಳು. ಅತ್ತೆ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಸಜ್ಜೆ ಹಸನು ಮಾಡುತ್ತಿದ್ದರು.

"ಬರ್ರಿ ಬೀಗರೇ. ಅಮಾಸಿ ಎದುರಿಗಿಟ್ಕೊಂಡು ಗಿರಣಿ ಬಿಟ್ಟು ಬಂದೀರಿ, ಸೂರ್ಯ ಎಲ್ಲಿ ಹುಟ್ಯಾನ?"

ನಾನು ತಂಗಿಯ ಹತ್ತಿರ ಹೋಗಿ ಫೈಲಿನ ಸಮೇತ ಕಾಗದ ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ತನ್ನ ಹೆಸರು ಓದಿದಳು. ಒಂದೊಂದು ವಿಷಯದ ಮುಂದಿನ ಅಂಕಿಯನ್ನೂ ಓದಿದಳು.

"ಎಲ್ಲಿತ್ತು?"

"ನಮ್ಮ ಮನ್ಯಾಗೇ. ಕ್ಯಾಲೆಂಡರದಾಗ."

"ನಾ ಚೀಲದಾಗ ಇಟ್ಕೊಂಡಿದ್ದು ಕಣ್ಣಾರೆ ನೋಡೀನಿ ಅಂದಿದ್ದಿ."

"ಸುಳ್ಳು ಹೇಳಿದ್ದೆ, ತಂಗಿ. ನೀ ನನ್ನ ಕೈಯಾಗೇ ಕೊಟ್ಟಿದ್ದಿ."

ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ. ಕಟ್ಟೆಯ ಕಡೆ ನೋಡಿ, "ಅತ್ತಿ ಮುಂದ ಹೇಳು," ಎಂದಳು.

ಅದೊಂದು ಆಗದಿರಲಿ ಎಂದು ಬಸ್ಸಿನಲ್ಲಿ ಇಡೀ ದಾರಿ ಬೇಡಿಕೊಂಡು ಬಂದಿದ್ದೆ. ಹೋಗಿ ಹೇಳಿದೆ. ಅತ್ತೆಯ ಮೊರ ಆಡುವುದು ನಿಂತಿತು.

"ಊರ ಮಂದಿ ಡಬ್ಬಿ ನೆನಪಿರ್ತಾವ, ಒಡಹುಟ್ಟಿದಾಕಿ ಹಾಳಿ ನೆನಪಿರಂಗಿಲ್ಲೇನ್ರಿ ಬೀಗರೇ? ಮ್ಯಾಲೆ ಸುಳ್ಳು ಬ್ಯಾರೆ."

ಮುದುಕಿ ಮೊಣಕಾಲು ಹಿಡಿದು ಎದ್ದರು. ತಂಗಿ ಒಳಗೆ ಹೊರಟಿದ್ದಳು. ಅವಳ ಮುಖ ನೋಡದೆಯೇ, "ನೀ ಕೂಡು. ಚಹಾ ನಾ ಇಡ್ತೀನಿ," ಎಂದು ಒಳಗೆ ಹೋದರು. ಆ ಮನೆಯಲ್ಲಿ ಅವರು ಒಲೆಯ ಮುಂದೆ ನಿಂತದ್ದನ್ನು ನಾನು ಅವತ್ತೇ ನೋಡಿದ್ದು.

ತಂಗಿ ಕುಳಿತಳು. ಫೈಲು ನನಗೆ ವಾಪಸು ಕೊಟ್ಟಳು, ಕಾಗದ ಕೊಡಲಿಲ್ಲ.

"ಇದರಾಗ ನಿನ್ನವು ಇಟ್ಕೋ. ನನ್ನವು ಇನ್ನ ನನ್ನ ಕಡಿ ಇರ್ತಾವ. ನನ್ನ ಸಾಲಿ ಟೀಸಿ ಎಲ್ಲದ?"

"ಹುಡುಕ್ತೀನಿ."

"ಯಾವಾಗ?"

ನಾಲಿಗೆಯ ತುದಿಗೆ ಅದೇ ಹಳೆಯ "ಅಮಾಸಿ ಆಗ್ಲಿ" ಬಂದಿತ್ತು. ನುಂಗಿಕೊಂಡೆ.

"ನಾಳಿ. ಗಿರಣಿ ಬಂದ್ ಇಡ್ತೀನಿ."

ಅವಳು ನಂಬಿದಂತೆ ಕಾಣಲಿಲ್ಲ. ಬರುವಾಗ ಎಂದಿನಂತೆ ನನ್ನ ಚೀಲಕ್ಕೆ ಹಸಿ ತೊಗರಿಕಾಯಿ ತುಂಬಿದಳು. ಬಸ್ಸಿನವರೆಗೆ ಮಾತ್ರ ಬರಲಿಲ್ಲ.

ಮರುದಿನ ಗಿರಣಿಯ ಬಾಗಿಲು ತೆರೆಯಲಿಲ್ಲ. ಅಮಾವಾಸ್ಯೆಗೆ ಎರಡೇ ದಿನ ಉಳಿದಿತ್ತು. ಹೊರಗೆ ಡಬ್ಬಿಗಳ ಸದ್ದು, ಬೈಗುಳ. "ಒಳಗ ಸತ್ತಾನೋ ಮಲಗ್ಯಾನೋ ನೋಡ್ರೋ!" ಎಂದು ಯಾರೋ ಕೂಗಿದರು. ಸಜ್ಜೆ ಹೊತ್ತು ದುಬಲಗುಂಡಿಯಿಂದ ಬಸ್ಸಿಗೆ ಬಂದ ಹೆಣ್ಣುಮಗಳೊಬ್ಬಳು ಮನೆಯವರೆಗೂ ಬಂದಳು. ಕೈ ಮುಗಿದು ಬೇರೆ ಗಿರಣಿಗೆ ಕಳಿಸಿದೆ. ಅವ್ವನ ಟ್ರಂಕನ್ನು ಅಂಗಳಕ್ಕೆ ತಂದು ಒಂದೊಂದೇ ತೆಗೆದೆ. ಮಧ್ಯಾಹ್ನ ದಾಟಿದ ಮೇಲೆ, ಅವಳ ಹಳೆಯ ಸೀರೆಯೊಂದರ ಮಡಿಕೆಯಲ್ಲಿ ಟೀಸಿ ಸಿಕ್ಕಿತು. ಅವ್ವ ಅದನ್ನು ಸರಿಯಾಗಿಯೇ ಇಟ್ಟಿದ್ದಳು.

ತಂಗಿಗೆ ಫೋನ್ ಮಾಡಿದೆ.

"ಸಿಕ್ತು. ಫೈಲಿನಾಗ ಇಟ್ಟೀನಿ."

"ಇಟ್ಕೋಬ್ಯಾಡ. ತಂದು ಕೊಡು."

"ಅಮಾಸಿ ಆದ ಮರುದಿನ..."

"ಅಮಾಸಿ ದಿನಾನೇ ಬಾ," ಎಂದಳು. "ಎಲ್ಲಾರೂ ಹೊಲದಾಗ ಉಣ್ಣಾಕ ಕೂತಿರ್ತೀವಿ."