ಕಾಕಾನ ಹೆಬ್ಬೆರಳು ನಿಂತ ಪುಟ

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಕಾಕಾನ ಬಲಗೈ ಹೆಬ್ಬೆರಳು ನೂರಾ ಹನ್ನೆರಡನೆಯ ಪುಟದ ಮೇಲೆ ನಿಂತಿತು. ದಪ್ಪ ಬೆರಳು. ಉಗುರಿನ ಅಂಚಿಗೆ ಸುಣ್ಣ, ತುದಿಗೆ ಎಲೆಅಡಿಕೆಯ ಕೆಂಪು. ಅದನ್ನು ನಾಲಿಗೆಗೆ ತಾಗಿಸಿ ಹಾಳೆಯ ಮೂಲೆಗೆ ಒತ್ತಿ ತಿರುವುವುದು ಅವರ ರೂಢಿ. ಅಲ್ಲಿಯವರೆಗಿನ ಎಲ್ಲ ಹಾಳೆಗಳ ಮೂಲೆಗೂ ಕೆಂಪು ಕಲೆ ಬಿದ್ದಿತ್ತು. ಗೋಡೆ ಗಡಿಯಾರ ಅವರ ತಲೆಯ ಮೇಲೇ ಇತ್ತು. ಅದಕ್ಕೇ ವೇಳೆ ಇಷ್ಟು ಖಚಿತವಾಗಿ ನೆನಪಿದೆ.

ಅದು ಅವರ ಎಪ್ಪತ್ತೈದನೆಯ ವರ್ಷದ ಅಭಿನಂದನ ಗ್ರಂಥದ ಪ್ರೂಫು. ಬೈಲಹೊಂಗಲದ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿಯಾಗಿದ್ದ ನನ್ನನ್ನು ಅದರ ಸಂಪಾದಕಿ ಮಾಡಿದ್ದರು. ಆ ಉಪನ್ಯಾಸಕಿಯ ಕೆಲಸವನ್ನು ಕೊಡಿಸಿದ್ದೂ ಕಾಕಾನೇ. ಅಭಿನಂದನೆ ಯಾರಿಗೋ, ಮೊದಲ ಪ್ರೂಫು ಅವರ ಮನೆಗೇ ಹೋಗಬೇಕು, ದೇವರ ಮುಂದಿಟ್ಟು ಕುಂಕುಮ ಹಚ್ಚಿಸಿಕೊಂಡು ಪ್ರೆಸ್ಸಿಗೆ ಮರಳಬೇಕು. ನಮ್ಮ ಕಡೆ ಹಾಗೇ ಪದ್ಧತಿ. ಯಾರೂ ಅದನ್ನು ಓದುವುದಿಲ್ಲ. ಕಾಕಾನೂ ಓದುವುದಿಲ್ಲ ಎಂದು ನಾನು ನಂಬಿದ್ದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಕಡೆ ಅವರು ಎಲ್ಲರಿಗೂ ಕಾಕಾ. ಎಲ್ಲರಿಗೂ ಎಂದೆನಲ್ಲ, ತಪ್ಪು. ದಲಿತ ಕೇರಿಯವರು ಧಣಿ ಎನ್ನಬೇಕಿತ್ತು. ಹಾಗೆಂದು ಯಾರೂ ಎಲ್ಲೂ ಬರೆದಿರಲಿಲ್ಲ. ಬೈಲಹೊಂಗಲದ ಅವರ ಮನೆಯ ಪಡಸಾಲೆಗೆ ಹೋದವರಿಗೆ ತಾವು ಕುರ್ಚಿಯವರೋ ಬೆಂಚಿನವರೋ ಜಮಖಾನದವರೋ ಹೊರಗಿನ ಕಟ್ಟೆಯವರೋ ಎಂದು ಹೇಳದೆಯೇ ತಿಳಿಯುತ್ತಿತ್ತು. ಕಟ್ಟೆಯವರಿಗೂ ಚಹಾ ಬರುತ್ತಿತ್ತು, ಕಾಗದದ ಕಪ್ಪಿನಲ್ಲಿ. ‘ಎಲ್ಲಾರಿಗೂ ಜಾಗಾ ಐತಿ, ಜಾಗಾ ತಿಳದ ಕುಂದರಬೇಕ’ ಎಂದು ನಗುತ್ತ ಹೇಳುತ್ತಿದ್ದರು. ಯಾವ ಮನೆಯ ಮಗಳು ಎಲ್ಲಿಗೆ ಮದುವೆಯಾಗಿ ಹೋದಳು, ಯಾರ ಮೊಣಕಾಲಿಗೆ ಯಾವ ಡಾಕ್ಟರು ಎಂಬುದೆಲ್ಲ ಅವರಿಗೆ ಬಾಯಿಪಾಠ. ದನಿ ಏರಿಸಿದ್ದನ್ನು ನಾನು ಕೇಳಿಲ್ಲ.

ಮೂರು ಸಲ ಮೇಲ್ಮನೆಗೆ ಹೋದರು. ಅವರನ್ನು ಅಲ್ಲಿಗೆ ಆರಿಸುವವರು ಹೆಚ್ಚಾಗಿ ಗ್ರಾಮ ಪಂಚಾಯತಿಯ ಸದಸ್ಯರು. ಆದ್ದರಿಂದ ಒಂದೊಂದು ಪಂಚಾಯತಿಯೂ ಅವರ ಅಂಗೈಯಲ್ಲಿರಬೇಕಿತ್ತು. ಮೇಲ್ಮನೆಯಲ್ಲಿ ಸಮಾನತೆಯ ಬಗ್ಗೆ ಅವರು ಮಾಡಿದ ಭಾಷಣ ಚೆನ್ನಾಗಿದೆ. ಗ್ರಂಥದಲ್ಲಿ ಅದನ್ನು ಮೊದಲ ಲೇಖನವಾಗಿ ಹಾಕಿದವಳು ನಾನೇ.

ನೂರಾ ಹನ್ನೆರಡನೆಯ ಪುಟದಲ್ಲಿದ್ದದ್ದು ಬೇರೆ. ಮುರಗೋಡದ ಆಚೆಯ ನಮ್ಮೂರೇ ಕಾಕಾನ ಹುಟ್ಟೂರು. ಹದಿನಾಲ್ಕು ವರ್ಷದ ಹಿಂದೆ ಅಲ್ಲಿ ಮೀಸಲಾತಿಯಿಂದ ಕೇರಿಯ ಹೆಂಗಸೊಬ್ಬಳು ಪಂಚಾಯತಿ ಅಧ್ಯಕ್ಷೆಯಾದಳು. ಸ್ವಾತಂತ್ರ್ಯ ದಿನ ಧ್ವಜ ಏರಿಸುವುದು ಅಧ್ಯಕ್ಷರ ಕೆಲಸ. ಕೇರಿಯಿಂದ ಅಧ್ಯಕ್ಷರಾದ ಹಿಂದಿನವರೆಲ್ಲ ಹಗ್ಗವನ್ನು ತಂದು ಕಾಕಾನ ಕೈಗೆ ಕೊಡುತ್ತಿದ್ದರು. ಇವಳು ಕೊಡಲಿಲ್ಲ. ತಾನೇ ಎಳೆದಳು. ಒಂಬತ್ತನೆಯ ಇಯತ್ತೆಯ ಸಾಲಿನಲ್ಲಿ ನಿಂತು ನಾನು ನೋಡಿದೆ. ಕಾಕಾನೇ ಮೊದಲು ಚಪ್ಪಾಳೆ ತಟ್ಟಿದರು. ಜೀಪು ಹತ್ತುವಾಗ ಊರ ಹಿರಿಯರಿಗೆ ಮೆಲ್ಲಗೆ, ‘ಅವರ ಜಾಗಾ ಅವರಿಗೆ ತಿಳಿಸ್ರೆಪಾ’ ಎಂದರು.

ಅದೇ ದಿನ ಸಂಜೆ ನಾಲ್ಕಕ್ಕೆ ಡಂಗುರ ಸಾರಿಸಿದರು. ನಮ್ಮೂರಲ್ಲಿ ಹಲಗೆ ಬಾರಿಸಿ ಡಂಗುರ ಸಾರುವವನು ಅಧ್ಯಕ್ಷೆಯ ಗಂಡನೇ. ತನ್ನ ಹೆಂಡತಿಯ ವಿರುದ್ಧ, ತನ್ನ ಕೇರಿಯ ವಿರುದ್ಧ ಅವನೇ ಸಾರಬೇಕಾಯಿತು. ನಮ್ಮ ಅಪ್ಪನ ಹಿಟ್ಟಿನ ಗಿರಣಿಯ ಮುಂದೆ ನಿಂತು ತಲೆ ಎತ್ತದೆ ಹೇಳಿದ: ‘ಕೇಳ್ರೆಪೋ ಕೇಳ್ರಿ. ಕೇರಿ ಮಂದಿನ್ನ ಕೂಲಿಗೆ ಕರೀಬಾರದು. ಅಂಗಡ್ಯಾಗ ಸಾಮಾನ ಕೊಡಬಾರದು. ಗಿರಣ್ಯಾಗ ಬೀಸಬಾರದು.’

ಮರುದಿನ ಅಧ್ಯಕ್ಷೆ ಜೋಳದ ಚೀಲ ಹೊತ್ತು ಗಿರಣಿಗೆ ಬಂದಳು. ಅಪ್ಪ ಮೋಟರು ನಿಲ್ಲಿಸಿ, ‘ಕರೆಂಟ ಇಲ್ಲ’ ಎಂದ. ಅಪ್ಪನ ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು. ಅವಳು ಬಲ್ಬು ನೋಡಿದಳು, ಮೂಲೆಯಲ್ಲಿದ್ದ ನನ್ನನ್ನು ನೋಡಿದಳು, ಚೀಲ ಹೊತ್ತು ಹೋದಳು. ತಿಂಗಳೊಳಗೆ ಗಂಡ ಹೆಂಡತಿ ಊರು ಬಿಟ್ಟರು.

ಗ್ರಂಥಕ್ಕೆ ‘ಎಲ್ಲಾ ಸಮಾಜದವರ ಮಾತೂ ಇರಲಿ’ ಎಂದು ಸಮಿತಿಯವರು ಹೇಳಿದಾಗ ನಾನು ಅವಳನ್ನು ಹುಡುಕಿದೆ. ಉಗರಗೋಳದಲ್ಲಿ, ದೇವಿಯ ಗುಡ್ಡಕ್ಕೆ ಹೋಗುವ ದಾರಿಯಲ್ಲಿ, ಪೂಜೆಯ ಅರಿಸಿನದ ಪುಡಿ ಭಂಡಾರ ಮತ್ತು ಬಳೆ ಮಾರುತ್ತಿದ್ದಳು. ಯಾರ ಮಗಳೆಂದು ಹೇಳಿಕೊಂಡೆ.

‘ಗೊತ್ತಾತು. ಕರೆಂಟ ಇಲ್ಲದ ಗಿರಣಿ’ ಎಂದಳು. ಆಮೇಲೆ, ‘ಹೇಳಿದ್ದನ್ನ ಹೇಳಿದಂಗ ಬರೀತಿದ್ರ ಹೇಳತೇನಿ. ಇಲ್ಲಾಂದ್ರ ಚಾ ಕುಡದು ಹೋಗವ್ವಾ, ಗಿರಾಕಿ ಬರೂ ಹೊತ್ತು.’

ಹೇಳಿದಂತೆಯೇ ಬರೆದೆ. ಧೈರ್ಯದಿಂದಲ್ಲ. ಆ ಬಲ್ಬು ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

ಕಾಕಾ ಆ ಪುಟವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು.

‘ಮಗಳ, ಇದನ್ನ ತಗೀಬೇಕು.’

‘ಕಾಕಾ, ಅದು ನಡದದ್ದು.’

‘ನಡದದ್ದೆಲ್ಲಾ ಬರಕೋತ ಕುಂತ್ರ ಕಾಗದ ಸಾಕಾಗೂದಿಲ್ಲ.’ ನಕ್ಕರು. ಆಮೇಲೆ ಅಡಕೊತ್ತು ಕೈಗೆತ್ತಿಕೊಂಡು ಅಡಿಕೆ ಕತ್ತರಿಸುತ್ತ, ಯಾರದೋ ಕ್ಷೇಮ ವಿಚಾರಿಸುವ ಹಾಗೆ, ‘ಪಾಪ, ಅಕಿ ಈಗ ಎಲ್ಲಿ ಅದಾಳ?’ ಎಂದರು.

‘ಉಗರಗೋಳದಾಗ, ಕಾಕಾ’ ಎಂದೆ.

ಹೊಡೆಯಲಿಲ್ಲ, ಬೆದರಿಸಲಿಲ್ಲ. ಕೇಳಿದರು, ಹೇಳಿದೆ. ಬಾಗಿಲ ಬಳಿ ನಿಂತಿದ್ದ ತಮ್ಮ ಇಬ್ಬರು ಆಳುಗಳನ್ನು ಅವರು ಬರೀ ನೋಡಿದರು. ನಾನು ಚಪ್ಪಲಿ ಹಾಕಿಕೊಳ್ಳುವಾಗ ಜೀಪು ಚಾಲೂ ಆಯಿತು. ಅದು ಎಲ್ಲಿಗೆ ಹೊರಟಿದೆ ಎಂದು ನನಗೆ ತಿಳಿದಿತ್ತು. ಆದರೂ ನಾನು ಕಾಲೇಜಿಗೆ ಹೋದೆ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿದೆ, ಹನ್ನೆರಡೂವರೆಯ ತರಗತಿ ತೆಗೆದುಕೊಂಡೆ. ಏನು ಪಾಠ ಮಾಡಿದೆನೋ ನೆನಪಿಲ್ಲ. ಆ ಒಂದು ತಾಸನ್ನು ಈಗಲೂ ದಿನವೂ ಹಿಂದಕ್ಕೆ ತಿರುಗಿಸಿ ನೋಡುತ್ತೇನೆ. ತರಗತಿ ಮುಗಿದ ಮೇಲೆ ಅಧ್ಯಕ್ಷೆಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಸವದತ್ತಿ ಬಸ್ಸು ಹಿಡಿದೆ. ಮುನವಳ್ಳಿ ದಾಟುವಾಗ ಬಸ್ಸಿನಲ್ಲಿ ಎದ್ದು ನಿಂತೇ ಇದ್ದೆ, ಸೀಟು ಖಾಲಿಯಿದ್ದರೂ.

ಉಗರಗೋಳದ ರಸ್ತೆಯ ಮೇಲೆ ಭಂಡಾರ ಚೆಲ್ಲಿತ್ತು. ಒಂದು ಗಾಡಿ ಅಗಲದ ಹಳದಿ. ಅದರಲ್ಲಿ ಬಳೆಚೂರು. ಅಧ್ಯಕ್ಷೆ ಕಸಬರಿಗೆ ಹಿಡಿದು ಗುಡಿಸುತ್ತಿದ್ದಳು. ಗಂಡ ಗೋಡೆಗೆ ಒರಗಿ ಕುಳಿತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ಮುರಿದ ಮಣಿಕಟ್ಟು ಇರಬೇಕಾದ ಕಡೆಗೆ ಇರಲಿಲ್ಲ.

‘ಝೇಂಡಾ ಏರಿಸಿದ್ದು ಯಾವ ಕೈ ಅಂತ ಕೇಳಿದ್ರು’ ಅವಳು ನನ್ನತ್ತ ನೋಡದೆ ಹೇಳಿದಳು. ‘ನಾ ಬಾಯಿ ತಗಿಯೂದ್ರಾಗ ಇಂವ ತನ್ನ ಕೈ ಮುಂದ ಚಾಚಿದ.’

ಗಂಡ, ‘ಹಲಗಿ ಹೊಡದ ಕೈ ಅಲ್ಲೇನ’ ಎಂದ. ನನಗೆ ಹೇಳಿದ್ದಲ್ಲ ಅದು, ಅವಳಿಗೆ.

‘ಅಕ್ಕಾ, ನೀವು ಇಲ್ಲಿ ಇರೂದು ಹೇಳಿದಾಕಿ ನಾನು’ ಎಂದೆ.

‘ಮತ್ತ್ಯಾರು ಹೇಳತಾರ? ನಮ್ಮನ್ನ ಹುಡಿಕ್ಯಾಡಿ ಬಂದಾಕಿ ನೀ ಒಬ್ಬಾಕಿನ.’ ಗುಡಿಸುವುದನ್ನು ನಿಲ್ಲಿಸಲಿಲ್ಲ. ‘ಈ ಮಾತ ಫೌಜದಾರ ಮುಂದ ಹೇಳತಿಯೇನು? ಹೇಳೂದಿದ್ರ ಇಲ್ಲಿ ನಿಲ್ಲು. ಇಲ್ಲಾಂದ್ರ ದಾರಿ ಬಿಡು.’

ಹೇಳಿದೆ. ಮೊದಲು ಸವದತ್ತಿ ಆಸ್ಪತ್ರೆ, ಆಮೇಲೆ ಠಾಣೆ. ಕೇಳಿದವರು ಯಾರು, ಹೇಳಿದವಳು ಯಾರು, ಜೀಪು ಹೊರಟದ್ದು ಎಷ್ಟು ಹೊತ್ತಿಗೆ ಎಂದು ನನ್ನ ಹೆಸರಿನಲ್ಲಿ ಬರೆಸಿ ಸಹಿ ಹಾಕಿದೆ. ಮುಂದಿನ ವರ್ಷ ಕಾಲೇಜಿನವರು ನನ್ನನ್ನು ಕರೆಯಲಿಲ್ಲ. ನಾನು ಊರಿಗೆ ಮರಳಿದೆ. ಅಪ್ಪನ ಗಿರಣಿಯ ಎದುರು ದಿನವೂ ಕಾಕಾನ ಕಡೆಯ ಬೇರೆ ಇಬ್ಬರು ಬೈಕಿನ ಮೇಲೆ ಕುಳಿತಿರುತ್ತಿದ್ದರು. ನಾನು ಹೊರಗೆ ಬಂದರೆ ಒಬ್ಬ ಹೆಬ್ಬೆರಳಿಗೆ ಉಗುಳು ಹಚ್ಚಿ ಗಾಳಿಯಲ್ಲಿ ಹಾಳೆ ತಿರುವಿದಂತೆ ಮಾಡುತ್ತಿದ್ದ. ಇನ್ನೊಬ್ಬ ನಗುತ್ತಿದ್ದ. ಗಿರಾಕಿಗಳು ಕಡಿಮೆಯಾದರು. ನನಗೆ ರಾತ್ರಿ ಎರಡಕ್ಕೆ ಎಚ್ಚರವಾಗುತ್ತಿತ್ತು, ಯಾರೋ ಪುಟ ತಿರುವಿದ ಸಪ್ಪಳ ಕೇಳಿದಂತೆ.

ಗ್ರಂಥ ಬಂತು. ನೂರಾ ಹನ್ನೆರಡನೆಯ ಪುಟದಲ್ಲಿ ಕಾಕಾ ಯಾರಿಗೋ ಹೊಲಿಗೆ ಯಂತ್ರ ಕೊಡುವ ಫೋಟೊ ಇದೆ. ಮೊದಲ ಪುಟದಲ್ಲಿ ಸಂಪಾದಕಿಯ ಸ್ಥಾನದಲ್ಲಿ ಬೇರೆಯವರ ಹೆಸರು. ಪ್ರಕರಣದಲ್ಲಿ ಜೀಪಿನ ಇಬ್ಬರ ಹೆಸರು ಸೇರಿತು. ಕಾಕಾನ ಹೆಸರು ಸೇರಲಿಲ್ಲ. ವಿಚಾರಣೆ ಶುರುವಾಗುವ ಮೊದಲೇ ಅವರು ನಿದ್ದೆಯಲ್ಲೇ ತೀರಿಕೊಂಡರು. ಅಂಗಡಿಗಳು ತಾವಾಗಿಯೇ ಮುಚ್ಚಿದವು. ಹುಟ್ಟೂರಲ್ಲಿ ಡಂಗುರ ಸಾರಲು ಯಾರೂ ಇಲ್ಲದ್ದರಿಂದ ಟೆಂಪೊಗೆ ಮೈಕು ಕಟ್ಟಿ ಸುದ್ದಿ ಹೇಳಿಸಿದರು. ಮೈಕಿನವನು ‘ಸರ್ವರ ಕಾಕಾ’ ಎಂದು ಹೇಳುತ್ತ ನಮ್ಮ ಗಿರಣಿಯ ಮುಂದೆ ಹಾದುಹೋದ. ಅವತ್ತಾದರೂ ನಿದ್ದೆ ಬರುತ್ತದೆ ಎಂದುಕೊಂಡಿದ್ದೆ. ಎರಡಕ್ಕೆ ಎಚ್ಚರವಾಯಿತು.

ಅವರ ಬಗ್ಗೆ ಇಷ್ಟು ಬರೆದರೂ ‘ಅವನು’ ಎಂದು ಬರೆಯಲು ಕೈ ಏಳುತ್ತಿಲ್ಲ. ಜಾಗ ತಿಳಿಸುವ ಅವರ ವಿದ್ಯೆ ನನ್ನ ಮೇಲೂ ನಡೆದಿದೆ.

ಈ ವರ್ಷ ಕೋರ್ಟಿನಲ್ಲಿ ನಾನು ಸಾಕ್ಷಿ ಹೇಳುವುದು ಮುಗಿದ ಮೂರನೆಯ ದಿನ, ಬೆಳಿಗ್ಗೆ, ಅಧ್ಯಕ್ಷೆ ಉಗರಗೋಳದಿಂದ ನಮ್ಮ ಗಿರಣಿಗೆ ಬಂದಳು. ತಲೆಯ ಮೇಲೆ ಜೋಳದ ಚೀಲ. ಹಿಂದೆ ಗಂಡ, ಸೊಟ್ಟಾಗಿ ಕೂಡಿಕೊಂಡ ಕೈಯಲ್ಲಿ ಖಾಲಿ ಡಬ್ಬಿ. ಎದುರಿಗೆ ಬೈಕಿನವರು ಕುಳಿತೇ ಇದ್ದರು.

‘ಕರೆಂಟ ಐತೇನ್ರಿ ಇವತ್ತ?’ ಎಂದಳು.

ಅಪ್ಪ ಬಹಳ ಹೊತ್ತು ಬಲ್ಬಿನ ಕಡೆ ನೋಡಿದ. ಆಮೇಲೆ ಬೈಕಿನವರ ಕಡೆ. ‘ಐತ್ರಿ’ ಎಂದು ಎದ್ದು ಚೀಲ ಇಳಿಸಿಕೊಂಡ. ಅಪ್ಪ ಕೇರಿಯವರಿಗೆ ರೀ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

‘ಸಣ್ಣಗ ಬೀಸ್ರಿ. ಭಾಳ ವರ್ಷದ ಹಿಂದಿನ ಚೀಲ ಇದು.’

ಬೀಸಿದ್ದಕ್ಕೆ ಅಪ್ಪ ದುಡ್ಡು ಬೇಡವೆಂದ. ಅವಳು ಕಟ್ಟೆಯ ಮೇಲೆ ಇಟ್ಟೇ ಹೋದಳು. ‘ಪುಕ್ಕಟೆ ಒಯ್ದ್ರ ಮತ್ತ ನಿಮ್ಮ ಉಪಕಾರ ಆಗತೈತಿ’ ಎಂದಳು. ಮಾಫಿ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಬೈಕಿನವರು ಅವತ್ತು ಸಂಜೆಯವರೆಗೂ ಕುಳಿತಿದ್ದರು. ಗಿರಣಿಯೂ ಸಂಜೆಯವರೆಗೆ ನಡೆಯಿತು. ನಾನೇ ಹಿಟ್ಟು ಹಿಡಿದೆ.

ಆ ರಾತ್ರಿ ಯಾವ ಸಪ್ಪಳವೂ ಕೇಳಲಿಲ್ಲ. ಕಣ್ಣು ತೆರೆದಾಗ ಹಾಸಿಗೆಯ ಮೇಲೆ ಬಿಸಿಲು ಬಿದ್ದಿತ್ತು. ತಲೆದಿಂಬಿನ ಮೇಲೆ ನನ್ನ ಕೂದಲಿನಿಂದ ಉದುರಿದ ಜೋಳದ ಹಿಟ್ಟಿತ್ತು.