ಎರಡನ್ನೂ ಓದಿದವರು

ಅವರ ಎಡಗೈ ತೋರುಬೆರಳ ತುದಿ ಬೆಸುಗೆಯ ಬಿಸಿ ತಿಂದು ತಿಂದು ಮರದ ಚೂರಿನಂತೆ ಗಟ್ಟಿಯಾಗಿತ್ತು. ಶಿರಾಳಕೊಪ್ಪದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತಿದ್ದರು. ಓದಿದ್ದು ಏಳನೇ ಕ್ಲಾಸು. ರಿಪೇರಿಯಾದ ಸೆಟ್ಟನ್ನು ಒಂದು ಗಂಟೆ ಹಾಡಿಸಿ ನೋಡದೆ ಯಾರಿಗೂ ಕೊಡುತ್ತಿರಲಿಲ್ಲ. ಗಿರಾಕಿ ಗೊಣಗಿದರೆ, "ಬಸ್ಸು ಇನ್ನೊಂದು ಬರ್ತದೆ, ಕೂತ್ಕೊಳ್ರೀ" ಅನ್ನುತ್ತಿದ್ದರು.

ಸೊರಬದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಲೇ ನಾನು ಪಿಎಚ್.ಡಿ.ಗಾಗಿ ಒಂದು ಪೆಟ್ಟಿಗೆ ಕಟ್ಟುತ್ತಿದ್ದೆ. ಅದರೊಳಗೆ ಎರಡು ಗುಟ್ಟಿನ ಸಂದೇಶ. ಒಂದನ್ನು ಆರಿಸಿ ಓದಿದ ಕ್ಷಣವೇ ಇನ್ನೊಂದು ಶಾಶ್ವತವಾಗಿ ಅಳಿಯಬೇಕು. ಬೆಳಕಿನ ಒಂದೇ ಕಣವನ್ನು ಎರಡು ಬಗೆಯಲ್ಲಿ ಅಳೆಯಲಾಗದು ಎಂಬ ಕ್ವಾಂಟಂ ನಿಯಮವೇ ಅದಕ್ಕೆ ಬೀಗ. ದುಬಾರಿ ಯಂತ್ರವಿಲ್ಲದೆ, ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಂದಲೇ ಮಾಡಬೇಕೆಂದು ನನ್ನ ಹಟ. ಬೆಸುಗೆಯೆಲ್ಲ ಈ ರಿಪೇರಿಯವರದು, ಅವರ ಅಂಗಡಿಯಲ್ಲೇ.

ಪರೀಕ್ಷಕರಿಗೆ ತೋರಿಸಲು ಎರಡೇ ದಿನ ಉಳಿದಿತ್ತು. ಬೆಳಿಗ್ಗೆ ಅಂಗಡಿಯಿಂದ ಅವರು ಫೋನ್ ಮಾಡಿ ಕೂಡಲೇ ಬರಲು ಹೇಳಿದರು. ಯಾಕೆಂದು ಕೇಳಿದರೆ, ಬಂದು ನೋಡಿ ಎಂದರು. ಸಿಕ್ಕ ಮೊದಲ ಬಸ್ಸಿಗೇ ಹೊರಟೆ.

ಅಂಗಡಿಯಲ್ಲಿ ಪೆಟ್ಟಿಗೆ ತೆರೆದುಕೊಂಡಿತ್ತು. ಬೆಳಕಿನ ದಾರಿಗೆ ಓರೆಯಾಗಿ ಗಾಜಿನ ಚೂರೊಂದನ್ನಿಟ್ಟು, ಬೆಳಕನ್ನು ಎರಡು ಪಾಲು ಮಾಡಿ, ಒಂದೊಂದನ್ನು ಒಂದೊಂದು ಬಗೆಯಲ್ಲಿ ಅಳೆದಿದ್ದರು. ನಾನು ಬಚ್ಚಿಟ್ಟಿದ್ದ ಸಂದೇಶಗಳು, 'ತಾಳಗುಂದ' ಮತ್ತು 'ಕುಪ್ಪಗಡ್ಡೆ' ಎಂಬ ಊರ ಹೆಸರುಗಳು, ಎರಡೂ ಅವರ ಚೀಟಿಯಲ್ಲಿದ್ದವು.

"ಎರಡೂ ಓದಿದೆ ನೋಡ್ರೀ ಮೇಡಂ."

ಪೆಟ್ಟಿಗೆಯೊಳಗಿನ ನನ್ನ ದೀಪ ಪ್ರತಿ ಸಲ ಒಂದು ಕಣದ ಬದಲು ನೂರಾರನ್ನು ಚೆಲ್ಲುತ್ತಿತ್ತು; ಹಾಗಾಗಿ ಎರಡೂ ಪಾಲಿಗೆ ಓದುವಷ್ಟು ಕಣಗಳು ಸಿಕ್ಕಿದ್ದವು. ಸ್ಟೂಲಿನ ಮೇಲೆ ಕೂತೆ. ಪರೀಕ್ಷಕರು ಗಾಜು ಇಟ್ಟು ನೋಡುವುದಿಲ್ಲ ಎಂಬ ಮಾತು ನನ್ನ ಬಾಯಿಂದ ಬಂದೇಬಿಟ್ಟಿತು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಯಾರಿಗೂ ಹೇಳಂಗಿಲ್ರೀ. ಆದ್ರೆ ನಾಳೆ ಇದನ್ನ ನಂಬಿ ಗುಟ್ಟು ಇಟ್ಟೋರಿಗೆ ಯಾರು ಹೇಳ್ತಾರೆ?"

ಅಲ್ಲಿಂದಲೇ ಮಾರ್ಗದರ್ಶಕರಿಗೆ ಫೋನ್ ಮಾಡಿ ದೋಷ ಒಪ್ಪಿಕೊಂಡೆ. ಪ್ರದರ್ಶನ ರದ್ದಾಯಿತು.

ದೀಪವನ್ನು ಸಲಕ್ಕೆ ಒಂದೇ ಕಣದ ಲೆಕ್ಕಕ್ಕೆ ಇಳಿಸಲು ಒಂದು ವರ್ಷ ಹಿಡಿಯಿತು. ಒಂದು ಮಧ್ಯಾಹ್ನ ಅವರು ಅಂಗಡಿ ಬಾಗಿಲೆಳೆದು ಮತ್ತೆ ಪರೀಕ್ಷೆಗೆ ಕೂತರು. ಗಾಜು ಬದಲಿಸಿದರು, ಓರೆ ಬದಲಿಸಿದರು. ನಾನು ಉಗುರು ಕಚ್ಚುತ್ತ ನಿಂತಿದ್ದೆ. ಬೆಳಕನ್ನು ಸೀಳಿದಾಗಲೆಲ್ಲ ಯಾವ ಪಾಲಿಗೂ ಸಾಕಷ್ಟು ಕಣ ಸಿಗದೆ ಎರಡು ಹೆಸರೂ ಹಾಳಾದವು. ಸೀಳದಿದ್ದರೆ ಒಂದೇ ಸಿಕ್ಕಿತು. ಸಂಜೆ ಹೊತ್ತಿಗೆ, "ಸೋತೆ ರೀ" ಅಂದರು. ಅಷ್ಟು ಸಂತೋಷದಿಂದ ಸೋತವರನ್ನು ನಾನು ಕಂಡಿಲ್ಲ.

ನನ್ನ ಪ್ರಬಂಧ ಅಚ್ಚಾಗುವ ಮೊದಲೇ ಅವರು ಹೃದಯಾಘಾತದಿಂದ ತೀರಿಕೊಂಡರು. ಈಗ ಹೊಸ ಪೆಟ್ಟಿಗೆ ಕಟ್ಟಿದಾಗ, ಯಾರಿಗೂ ತೋರಿಸುವ ಮುನ್ನ, ಅದನ್ನು ಸೋಲಿಸಲು ನಾನೇ ಕೂರುತ್ತೇನೆ. ಅವರಷ್ಟು ನಿಷ್ಠುರವಾಗಿ ಕೂರಲು ನನಗಿನ್ನೂ ಬಂದಿಲ್ಲ.