ಲಾರಿಯವರ ಮೋಟುಗೇಣು

ನಮ್ಮ ಮನೆ ಸಾಮಾನು ಸಾಗಿಸುತ್ತಿದ್ದ ಲಾರಿಯವರ ಬಲಗೈಯ ಕಿರುಬೆರಳು ಅರ್ಧವೇ ಇತ್ತು. ಉಳಿದರ್ಧವನ್ನು ಲಾರಿಯ ಹಿಂಬಾಗಿಲು ಎಂದೋ ಕಚ್ಚಿಕೊಂಡು ಹೋಗಿತ್ತು. ಆದರೂ ಅವರು ಟೇಪು ಹಿಡಿದವರಲ್ಲ; ಮೆಟ್ಟಿಲು, ಬಾಗಿಲು, ಬೀರು, ಮಂಚ ಎಲ್ಲವನ್ನೂ ಆ ಮೋಟುಗೇಣಿನಲ್ಲೇ ಅಳೆಯುತ್ತಿದ್ದರು. "ನಿಮ್ಮ ಬೀರು ಮೆಟ್ಟಿಲ ಮೂಲೇಲಿ ತಿರುಗಬೇಕಂದ್ರೆ ಏಳು ಗೇಣು ಜಾಗ ಬೇಕು ಸಾರ್" ಎಂದು ಒಮ್ಮೆ ನನ್ನ ಗಂಡನಿಗೆ ಹೇಳಿದ್ದರು. ನಮ್ಮವರು ಅತ್ತಿಗುಪ್ಪೆಯ ಮನೆಯೊಂದರ ಮೆಟ್ಟಿಲನ್ನು ಐದೂ ಬೆರಳು ನೆಟ್ಟಗಿರುವ ತಮ್ಮ ಕೈಯಲ್ಲಿ ಅಳೆದು, ಆರೇ ಗೇಣು ಬಂತೆಂದು, ಬಂಗಾರದಂಥ ಮನೆಯನ್ನು ಬೇಡವೆಂದು ಬಂದರು. ಆಮೇಲೆ ಲಾರಿಯವರು ಹೋಗಿ ಅಳೆದರೆ ಸರಿಯಾಗಿ ಏಳು. ಅಷ್ಟರಲ್ಲಿ ಬೇರೆ ಯಾರೋ ಅಡ್ವಾನ್ಸ್ ಕೊಟ್ಟಾಗಿತ್ತು. ನಾನು ಎರಡು ದಿನ ನಮ್ಮವರ ಜೊತೆ ಮಾತಾಡಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಆರೇಳು ವರ್ಷಗಳಲ್ಲಿ ನಾವು ಬಾಡಿಗೆ ಮನೆ ಬದಲಾಯಿಸಿದ್ದು ಐದು ಸಲ. ಒಬ್ಬ ಮಾಲೀಕರ ಮಗನಿಗೆ ಮದುವೆಯಾಗುತ್ತಿತ್ತು, ಇನ್ನೊಬ್ಬರಿಗೆ ಮೇಲೊಂದು ಮಹಡಿ ಎಬ್ಬಿಸುವ ಹುಚ್ಚು ಹಿಡಿಯುತ್ತಿತ್ತು. ಐದು ಸಲವೂ ಸಾಮಾನು ಸಾಗಿಸಿದವರು ಈ ಲಾರಿಯವರೇ. ಕೆಂಗೇರಿ ಕಡೆಯ ರೈತರ ಮನೆಯವರು. ಹೊಲ ಹೋಗಿ ಬಡಾವಣೆಯಾದ ಮೇಲೆ ಹಳೇ ಲಾರಿಯೊಂದನ್ನು ಕೊಂಡಿದ್ದರು. ನಾನು ಶಾಲೆಯಲ್ಲಿ ಪಾಠ ಹೇಳುವವಳು, ಹೇಳಿದ್ದು ಕೇಳದವರನ್ನು ಕಂಡರೆ ಸಿಡುಕುವವಳು. ಅವರೋ ಯಾರ ಮಾತನ್ನೂ ಕೇಳುವ ಪೈಕಿಯಲ್ಲ.

ನನಗಿದ್ದ ಆಸೆ ಒಂದೇ, ಯಾರೂ "ಖಾಲಿ ಮಾಡಿ" ಎನ್ನದ ಮನೆ. ಅಂಥದ್ದು ಸಿಗುವವರೆಗೂ ಬಿಚ್ಚುವುದಿಲ್ಲವೆಂದು, ತವರಿನವರು ಕೊಟ್ಟಿದ್ದ ಪಿಂಗಾಣಿ ಕಪ್ಪುಗಳ ಪೆಟ್ಟಿಗೆಯನ್ನು ಕಟ್ಟಿದ ಹಗ್ಗದ ಸಮೇತ ಇಟ್ಟುಕೊಂಡಿದ್ದೆ. ಪ್ರತಿ ಸಲವೂ ಅದನ್ನು ಹೊರುವಾಗ ಲಾರಿಯವರು, "ಇನ್ನೂ ಬಿಚ್ಚಿಲ್ವಾ ಟೀಚರಮ್ಮ" ಎಂದು ಕೇಳದೆ ಬಿಡುತ್ತಿರಲಿಲ್ಲ.

ಮೊದಲ ಸಲವೇ ನಮಗೆ ಜಟಾಪಟಿಯಾಯಿತು. ಮರೆತುಹೋದೀತೆಂದು ಗ್ಯಾಸ್ ಒಲೆಯನ್ನು ಎಲ್ಲಕ್ಕಿಂತ ಮೊದಲು ಲಾರಿಗೆ ಹಾಕಿಸಿದೆ.

"ಲಾರಿಗೆ ಬಾಯಿ ಒಂದೇ ಕಣಮ್ಮ. ಮೊದಲು ಇಳೀಬೇಕಾದ್ದು ಕೊನೇಗೆ ಹತ್ತಬೇಕು. ಭಾರದ್ದು ಕ್ಯಾಬಿನ್ ಕಡೆ ಹೋಗ್ಲಿ."

"ನಾನು ಹೇಳಿದಷ್ಟು ಮಾಡಿ" ಎಂದೆ. ಮಾಡಿದರು.

ಅಂದು ಶುಕ್ರವಾರ. ಹತ್ತೂವರೆಗೆ ರಾಹುಕಾಲ, ಅದರೊಳಗೆ ಹೊಸ ಮನೆಯಲ್ಲಿ ಹಾಲುಕ್ಕಿಸಬೇಕು. ಹತ್ತೂ ಹತ್ತಕ್ಕೆ ತಲುಪಿದೆವು. ಅತ್ತೆ ಹಾಲಿನ ಪಾತ್ರೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಾರೆ, ಒಲೆ ಬೀರುವಿನ ಹಿಂದೆ, ಮಂಚದ ಹಿಂದೆ, ನಮ್ಮವರ ಹಳೇ ಪುಸ್ತಕದ ಮೂಟೆಗಳ ಹಿಂದೆ ಎಲ್ಲೋ ಕೂತಿದೆ. "ಈಗ ಹೇಳಿ ಟೀಚರಮ್ಮ" ಎಂದರು ಲಾರಿಯವರು. ಅಷ್ಟು ಹೇಳಿ, ಡ್ರೈವರ್ ಸೀಟಿನ ಕೆಳಗಿನಿಂದ ಪಂಪ್ ಸ್ಟೌವೊಂದನ್ನು ಎಳೆದು ತಂದರು. ದೂರದೂರಿಗೆ ಬಾಡಿಗೆ ಸಿಕ್ಕಾಗ ರಸ್ತೆ ಪಕ್ಕ ಲಾರಿ ನಿಲ್ಲಿಸಿ ಅದರಲ್ಲೇ ಅಡುಗೆ ಮಾಡಿಕೊಳ್ಳುತ್ತಿದ್ದರಂತೆ.

"ಸ್ಟೌವು ಮಡಿ ತಾನೇನಪ್ಪಾ?" ಎಂದರು ಅತ್ತೆ.

"ದಿನಾ ಬೆಂಕೀಲೇ ಇರುತ್ತಲ್ಲಜ್ಜಿ, ಇನ್ನೆಂಥ ಮಡಿ."

ಸ್ಟೌವಿನ ಕಾಲಿಗೆ ಕೋಳಿಸಾರಿನ ಮಸಾಲೆ ಒಣಗಿ ಅಂಟಿತ್ತು. ಅತ್ತೆಯ ಕಣ್ಣಿಗೆ ಬೀಳುವ ಮೊದಲೇ ಸೆರಗಿನಿಂದ ಒರೆಸಿದೆ. ರಾಹುಕಾಲಕ್ಕೆ ನಾಲ್ಕು ನಿಮಿಷ ಇರುವಾಗ ಹಾಲು ಉಕ್ಕಿತು.

ಯಾವ ಮನೆಗೆ ಯಾವಾಗ ಲೋಡು ಬಂತು, ಎಷ್ಟು ಬೇಗ ಹೊರಟಿತು ಎಂಬುದೆಲ್ಲ ಅವರ ತಲೆಯಲ್ಲಿರುತ್ತಿತ್ತು. ಬಸವೇಶ್ವರನಗರದಲ್ಲಿ ನಾನೊಂದು ಮನೆ ಮೆಚ್ಚಿದ್ದೆ. ಹೊಳೆಯುವ ನೆಲ, ಕಿಟಕಿಯ ಪಕ್ಕ ಮಲ್ಲಿಗೆ ಬಳ್ಳಿ. ಲಾರಿಯವರು ವಿಳಾಸ ಕೇಳಿ ತಲೆ ಕೆರೆದುಕೊಂಡರು.

"ಎರಡು ವರ್ಷದಲ್ಲಿ ಆ ಮನೆಯಿಂದ ನಾನೇ ಮೂರು ಸಲ ಲೋಡ್ ಎತ್ತಿದೀನಿ."

"ಯಾಕೆ, ಮಾಲೀಕರು ಸರಿಯಿಲ್ವಾ?"

"ಬೇರೆಯವರ ಮನೆ ವಿಷಯ ನಂಗ್ಯಾಕೆ. ಲೋಡಿನ ವಿಷಯ ಹೇಳ್ದೆ, ಅಷ್ಟೆ."

ನಾನು ಕೇಳುವವಳೇ? ಹೋದೆ. ಮಿಕ್ಸಿ ಹಾಕಿದರೆ ಮೇಲಿನ ಮಹಡಿಯಿಂದ ಮಾಲೀಕರು ಕೋಲಿನಲ್ಲಿ ನೆಲ ಕುಟ್ಟುತ್ತಿದ್ದರು. ಒಗ್ಗರಣೆ ಹಾಕಿದರೆ ಬೇಕೆಂದೇ ಕೆಮ್ಮುತ್ತಿದ್ದರು. ನಾಲ್ಕನೇ ತಿಂಗಳಲ್ಲಿ ನನ್ನ ತಮ್ಮನ ಮನೆಯವರು ಬಂದು ಮೂರು ದಿನ ಉಳಿದರು. ಅವರು ಹೋದ ಮಾರನೆಯ ದಿನವೇ ಮಾಲೀಕರು ಖಾಲಿ ಮಾಡಿ ಎಂದರು. ಫೋನ್ ಮಾಡಿದೆ, ಲಾರಿಯವರು ಬಂದರು. ಗೇಟಿನ ಬಳಿ ನಿಂತು, ಆ ಮನೆಯಿಂದ ಇದು ನಾಲ್ಕನೇ ಲೋಡೆಂದು ನನ್ನತ್ತ ನಾಲ್ಕು ಬೆರಳು ಎತ್ತಿ ತೋರಿಸಿದರು. ಮೂರೂವರೆ ಎನ್ನಿ. ಅಳು ಬಂದಿದ್ದವಳಿಗೆ ನಗು ಬಂತು.

ಮುಂದಿನ ಮನೆಯನ್ನು ಅವರೇ ಹುಡುಕಿದ್ದರು. "ಉಲ್ಲಾಳದಲ್ಲಿ ಒಂದಿದೆ. ಹನ್ನೆರಡು ವರ್ಷದ ಹಿಂದೆ ಒಂದು ಲೋಡ್ ಇಳಿಸಿದ್ದೆ, ಮೊನ್ನೆ ಅದೇ ಲೋಡ್ ಎತ್ತಿದೆ. ಸ್ವಂತ ಮನೆ ಕಟ್ಕೊಂಡು ಹೋದ್ರು." ಸಾಕು, ನಾನು ಗೋಡೆಯ ಬಣ್ಣವನ್ನೂ ಕೇಳಲಿಲ್ಲ. ಸಾಮಾನೆಲ್ಲ ಇಳಿದ ಮೇಲೆ ಪಿಂಗಾಣಿ ಪೆಟ್ಟಿಗೆಯನ್ನು ನಡುಮನೆಯಲ್ಲಿಟ್ಟು, "ಬಿಚ್ಚಿ ಟೀಚರಮ್ಮ. ಇನ್ನೊಂದ್ ಸಲ ಇದನ್ನ ನಾನ್ ಹೊರಲ್ಲ" ಎಂದರು. ಹನ್ನೆರಡು ಕಪ್ಪುಗಳಲ್ಲಿ ಒಂದಕ್ಕೂ ಬಿರುಕಿರಲಿಲ್ಲ. ಮೊದಲ ಟೀ ಅವರಿಗೇ ಕೊಟ್ಟೆ. ಮೋಟು ಬೆರಳನ್ನು ದೊಡ್ಡ ಸಾಹೇಬರ ಹಾಗೆ ಹೊರಗೆ ಚಾಚಿಕೊಂಡು ಕುಡಿದರು.

ಅದೇ ಮನೆಯಲ್ಲಿ ಇಂದಿಗೂ ಇದ್ದೇವೆ. ಖಾಲಿ ಮಾಡುವ ಪ್ರಸಂಗ ಬರಲಿಲ್ಲ. ಲಾರಿಯವರಿಗೆ ಫೋನ್ ಮಾಡುವ ಪ್ರಸಂಗವೂ ಬರಲಿಲ್ಲ. ಎಷ್ಟೋ ವರ್ಷದ ಮೇಲೆ, ಮಹಡಿಗೆ ಬಾಡಿಗೆಗೆ ಬರುವವರು ಲಾರಿ ಬೇಕೆಂದಾಗ ಆ ನಂಬರಿಗೆ ಮಾಡಿದೆ. ಅವರ ಮಗಳು ಎತ್ತಿದಳು. "ಅಪ್ಪ ಹೋಗಿ ಎರಡು ವರ್ಷ ಆಯ್ತು ಆಂಟಿ" ಎಂದಳು. ನನಗೆ ಬಹಳ ನಾಚಿಕೆಯಾಯಿತು. ಒಳ್ಳೆ ಮನೆ ಹುಡುಕಿಕೊಟ್ಟ ತಪ್ಪಿಗೆ ಅವರನ್ನು ಮರೆತೇಬಿಟ್ಟಿದ್ದೆನಲ್ಲ ಎಂದು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಮಹಡಿಯವರ ಸಾಮಾನು ಬೇರೆ ಯಾವುದೋ ಲಾರಿಯಲ್ಲಿ ಬಂತು. ಬೀರು ನಮ್ಮದರಷ್ಟೇ ದೊಡ್ಡದು. ಹೊರುವ ಹುಡುಗರು ಮೆಟ್ಟಿಲು ನೋಡಿ, "ಇದು ಹತ್ತಲ್ಲ ಆಂಟಿ, ಮೂಲೇಲಿ ತಿರುಗಲ್ಲ" ಎಂದರು. ನಾನು ಕಿರುಬೆರಳನ್ನು ಅರ್ಧ ಮಡಚಿ, ಗೋಡೆಯಿಂದ ಗೋಡೆಗೆ ಅಳೆದೆ. ಏಳು ಗೇಣು ಮೇಲೊಂದಿಷ್ಟು ಬಂತು.

"ಹತ್ತುತ್ತೆ, ಎತ್ರಪ್ಪಾ" ಎಂದೆ.